ಹಾಲವಾಣದ ಬೊಂಬೆ

ದೋಣಿಗಲ್ ದಾಟಿ ಘಾಟಿ ಇಳಿಯುವ ರಸ್ತೆಯ ಎರಡನೇ ತಿರುವಿನಲ್ಲಿ ಮುಬಾರಕ್ ಸಾಬರ ಕರಕುಶಲ ವಸ್ತುಗಳ ಅಂಗಡಿ ಇತ್ತು. ಮೇಲೆ ತಗಡು, ಮೂರು ಕಡೆ ನೀಲಿ ಟಾರ್ಪಾಲು, ಮುಂದೆ ಕಾರು ನಿಲ್ಲಿಸಲು ಜಲ್ಲಿ ಹರಡಿದ ಜಾಗ. ಒಳಗೆ ಚನ್ನಪಟ್ಟಣದ ಗೊಂಬೆಗಳು, ಮೈಸೂರಿನ ಊದುಬತ್ತಿ, ಬಿದಿರಿನ ಲೋಟ, ಕಾಫಿ ಗಿಡದ ಬೇರಿನಲ್ಲಿ ಮಾಡಿದ ದೀಪದ ಕಂಬ, ಎಲ್ಲಿ ಹುಟ್ಟಿದವೆಂದು ಯಾರಿಗೂ ಗೊತ್ತಿಲ್ಲದ ಕೀ ಚೈನುಗಳು. ಸಾಬರು ವಾರಕ್ಕೆರಡು ಸಲ ಸಕಲೇಶಪುರದಿಂದ ಓಮ್ನಿಯಲ್ಲಿ ಮಾಲು ತಂದು ಇಳಿಸಿ ಹೋಗುತ್ತಿದ್ದರು. ಉಳಿದಂತೆ ಅಂಗಡಿಯೆಂದರೆ ಚಂದನ್. ಒಂಬತ್ತನೇ ಕ್ಲಾಸಿನಲ್ಲೇ ಶಾಲೆ ಬಿಟ್ಟು, ಎರಡು ವರ್ಷ ಎಸ್ಟೇಟಿನಲ್ಲಿ ಮೆಣಸು ಕೊಯ್ದು, ಅಲ್ಲಿ ಲೆಕ್ಕ ಬರೆಯುವ ರೈಟರ ಕೊರಳಪಟ್ಟಿ ಹಿಡಿದು, ಕೊನೆಗೆ ಇಲ್ಲಿ ಬಂದು ಕೂತವನು ಅವನು.

ಕಾರಿನಿಂದ ಇಳಿದು ಬರುವ ಜನ ಅವನಿಗೆ ಆಗುತ್ತಿರಲಿಲ್ಲ. ಅವರು ಕನ್ನಡಕ ಹಣೆಗೇರಿಸುವ ರೀತಿ ಆಗುತ್ತಿರಲಿಲ್ಲ, ಒಂದೊಂದು ಸಾಮಾನನ್ನೂ ಎತ್ತಿ ತಿರುಗಿಸಿ ಬೇರೆ ಜಾಗದಲ್ಲಿ ಇಟ್ಟು ಹೋಗುವುದು ಆಗುತ್ತಿರಲಿಲ್ಲ. ಆದರೂ ನಗುನಗುತ್ತಾ ಮಾತಾಡಿಸಿ ಮಾರುತ್ತಿದ್ದ. ಸಾಬರು ಅವನಿಗೆ ಒಂದೇ ಒಂದು ಮಾತು ಹೇಳಿ ಕೂರಿಸಿದ್ದರು. ಚನ್ನಪಟ್ಟಣದ್ದನ್ನು ಚನ್ನಪಟ್ಟಣದ್ದು ಅಂತಲೇ ಹೇಳಬೇಕು, ಯಂತ್ರದ್ದನ್ನು ಯಂತ್ರದ್ದು ಅಂತಲೇ ಹೇಳಬೇಕು. ಅದನ್ನು ಅವನು ತಪ್ಪಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಜೀಪು ತುಂಬ ಹುಡುಗರು ಬಂದರು. ಎಲ್ಲ ಅವನದೇ ವಯಸ್ಸಿನವರು. ಒಬ್ಬ ದೀಪದ ಕಂಬವನ್ನು ಮೊಬೈಲಿಗೆ ತೋರಿಸಿ, ಅಂಥದ್ದೇ ಇನ್ನೂ ಅಗ್ಗಕ್ಕೆ ಮನೆ ಬಾಗಿಲಿಗೆ ಬರುತ್ತದೆಂದು ಎಲ್ಲರಿಗೂ ಓದಿ ಹೇಳಿದ. ಆಮೇಲೆ ಚಂದನ್‌ನ ಕಡೆ ತಿರುಗಿದ.

"ನಮ್ಮೂರಲ್ಲಿ ಸಿಗೋದನ್ನೇ ತಂದು ನಮಗೇ ಮಾರ್ತಿದೀಯಲ್ಲ ಗುರು. ನಿಮ್ಮೂರೋರಿಗೆ ಕೈಯಲ್ಲಿ ಏನೂ ಮಾಡೋಕೆ ಬರಲ್ವಾ?"

ಉಳಿದವರು ನಕ್ಕರು. ಏನೂ ಕೊಳ್ಳದೆ, ಅಂಗಡಿಯ ಮುಂದೆ ಒಂದು ಫೋಟೊ ಹಿಡಿಸಿಕೊಂಡು ಹೋದರು. ಫೋಟೊ ತೆಗೆದವನು ಚಂದನ್.

ಆ ರಾತ್ರಿ ಅವನು ಆ ಪ್ರಶ್ನೆಯನ್ನೇ ಮೆಲುಕು ಹಾಕಿದ. ಉತ್ತರ ಇತ್ತು. ತನ್ನೂರಲ್ಲಿ ಕೈಯಲ್ಲಿ ಮಾಡುವವನು ಒಬ್ಬನಿದ್ದ. ಅವನು ಗಿಡ್ಡಯ್ಯ.

ಚಂದನ್‌ನ ಊರು ಹೆಗ್ಗದ್ದೆಯಿಂದ ಇನ್ನೂ ಒಳಕ್ಕೆ, ಮೂವತ್ತು ಮನೆಗಳದು. ಅಲ್ಲಿ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಮಂಗಳವಾರ ಬೊಂಬೆ ಸಾಗಿಸುತ್ತಾರೆ. ಗಿಡ್ಡಯ್ಯ ಬೆಳಗಿನಿಂದ ಬಾಯಿಗೆ ನೀರು ಹಾಕದೆ, ತೋಟದ ಅಂಚಿನ ಹಾಲವಾಣದ ಮರದಿಂದ ಒಂದು ಕೊಂಬೆ ಕಡಿದು, ಗೇಣುದ್ದದ ಹೆಣ್ಣುಬೊಂಬೆ ಕೆತ್ತುತ್ತಾನೆ. ಹಾಲವಾಣ ಮೆತ್ತನೆ ಮರ, ಕತ್ತಿಗೆ ಸಲೀಸಾಗಿ ಸಿಗುತ್ತದೆ. ಕೆಮ್ಮಣ್ಣಿನಲ್ಲಿ ಸೀರೆ, ಇದ್ದಿಲಿನಲ್ಲಿ ಕಣ್ಣು ಬರೆಯುತ್ತಾನೆ. ಆಮೇಲೆ ಬೊಂಬೆ ಮನೆಮನೆಗೂ ಹೋಗುತ್ತದೆ. ಮಕ್ಕಳ ತಲೆಯ ಮೇಲೆ, ಮಲಗಿದವರ ತಲೆಯ ಮೇಲೆ ಮೂರು ಸಲ ಇಳಿ ತೆಗೆಯುತ್ತಾರೆ. ಆ ಮನೆಯ ಕೆಮ್ಮು, ಜ್ವರ, ಕಣ್ಣುಬಿದ್ದದ್ದು ಎಲ್ಲ ಬೊಂಬೆಗೆ ಏರಿತು ಅಂತ ಲೆಕ್ಕ. ಸಂಜೆಯ ಹೊತ್ತಿಗೆ ಗಿಡ್ಡಯ್ಯ ಅದನ್ನು ಕೈಯಲ್ಲಿ ಹಿಡಿದು ಹಳ್ಳ ದಾಟಿ, ಊರಿನ ಗಡಿಯಲ್ಲಿರುವ ನಂದಿ ಮರದ ಬುಡದಲ್ಲಿಟ್ಟು ಬರುತ್ತಾನೆ. ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ದನ ಹೊಡೆದುಕೊಂಡು ಹೋಗುವವರೂ ಆ ಬುಡವನ್ನು ಬಳಸಿಯೇ ಹೋಗುತ್ತಾರೆ. ಹಳೆಯ ವರ್ಷಗಳ ಬೊಂಬೆಗಳು ಅಲ್ಲೇ ಗೆದ್ದಲು ಹಿಡಿದು ಮಣ್ಣಾಗುತ್ತವೆ.

ಈ ವರ್ಷ ಚಂದನ್‌ನ ಅಕ್ಕ ಮಂಜುಶ್ರೀ ತನ್ನ ಆರು ತಿಂಗಳ ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಮೂರು ವಾರದಿಂದ ಅದಕ್ಕೆ ಕೆಮ್ಮು, ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತು. ಬೊಂಬೆಯಲ್ಲಿ ಇಳಿ ತೆಗೆಯುವಾಗ ಕೂಸನ್ನು ಹಿಡಿದು ಕೂತಿದ್ದವನು ಚಂದನ್‌ನೇ.

ಸೋಮವಾರ ಅಂಗಡಿಗೆ ಹೊರಟವನು ನಂದಿ ಮರದ ಹತ್ತಿರ ಬೈಕು ನಿಲ್ಲಿಸಿದ. ಹಿಂದೆ ನೋಡಿದ, ಮುಂದೆ ನೋಡಿದ. ಎರಡು ವಾರದ ಬಿಸಿಲಿಗೆ ಬೊಂಬೆಯ ಬಣ್ಣ ಹದವಾಗಿ ಮಾಸಿ, ನೂರು ವರ್ಷದ್ದೇನೋ ಅನ್ನುವ ಹಾಗೆ ಚೆಂದ ಕಾಣುತ್ತಿತ್ತು. ಇದನ್ನೆಲ್ಲ ತಾನು ನಂಬುವವನಲ್ಲ ಎಂದು ಬಾಯಿಬಿಟ್ಟೇ ಹೇಳಿಕೊಂಡು, ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿದ. ಅಂಗಡಿ ಮುಟ್ಟಿದ ಮೇಲೆ ಹಿಂದಿನ ಡ್ರಮ್ಮಿನ ನೀರಿನಲ್ಲಿ ಎರಡು ಸಲ ಕೈ ತೊಳೆದ.

ಬುಧವಾರ ಮಾಲು ಇಳಿಸಲು ಬಂದ ಸಾಬರು ಚನ್ನಪಟ್ಟಣದ ಗೊಂಬೆಗಳ ನಡುವೆ ಇದನ್ನು ಕಂಡು, ನಮ್ಮ ಮಾಲಲ್ಲವಲ್ಲ, ಎಲ್ಲಿಂದ ಬಂತೆಂದು ಕೇಳಿದರು. ತಮ್ಮೂರ ಗಿಡ್ಡಯ್ಯ ಮಾಡಿದ್ದೆಂದು ಚಂದನ್ ಹೇಳಿದ. ಸುಳ್ಳೇನೂ ಅಲ್ಲವಲ್ಲ.

"ಚೆನ್ನಾಗೈತಲ್ಲೋ," ಅಂದರು ಸಾಬರು. "ಕೇಳ್ದೋರ್ಗೆ ಅವನ ಹೆಸ್ರು ಹೇಳು. ಕೆಲಸ ಮಾಡಿದೋನ ಹೆಸ್ರು ಇರ್ಬೇಕು."

ಶುಕ್ರವಾರ ಮಧ್ಯಾಹ್ನ ಒಬ್ಬಳು ಬಂದಳು. ಮೂವತ್ತೈದರ ಆಸುಪಾಸು, ನೀಲಿ ಚೂಡಿದಾರ, ಕೂದಲು ಅರ್ಧ ಕಟ್ಟಿ ಅರ್ಧ ಬಿಟ್ಟಿದ್ದಳು. ಗಂಡ ಕಾರಿನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಅವಳು ಚಂದನ್‌ನನ್ನು 'ನೀವು' ಎಂದಳು, ಹೆಸರು ಕೇಳಿದಳು, ತನ್ನ ಹೆಸರು ಮೇಘಾ ಎಂದಳು. ಒಂದೊಂದನ್ನೂ ಎಲ್ಲಿಯದೆಂದು ಕೇಳಿ, ಎತ್ತಿದ್ದನ್ನು ಎತ್ತಿದ ಜಾಗದಲ್ಲೇ ಇಟ್ಟಳು. ಅವನು ಸಾಬರ ಮಾತಿನಂತೆ ಉಳಿದ ಎಲ್ಲದಕ್ಕೂ ಇದ್ದದ್ದನ್ನೇ ಹೇಳಿದ. ಕೊನೆಗೆ ಅವಳ ಕಣ್ಣು ಬೊಂಬೆಯ ಮೇಲೆ ನಿಂತಿತು.

"ಇದು ಇಲ್ಲೀದಾ?"

"ನಮ್ಮೂರಿಂದು ಮೇಡಂ. ಗಿಡ್ಡಯ್ಯ ಅಂತ, ಅವರು ಮಾಡಿದ್ದು."

"ಏನಿದು, ದೇವರಾ?"

ಸುಮ್ಮನೆ ಬೊಂಬೆ ಅಂದಿದ್ದರೆ ಆಗುತ್ತಿತ್ತು. ಆದರೆ ಹೊರಗೆ ಕಾರಿನ ಪಕ್ಕದಲ್ಲಿದ್ದ ಗಂಡ ಫೋನಿನಲ್ಲಿ ಯಾವುದಕ್ಕೋ ಜೋರಾಗಿ ನಕ್ಕ. ಚಂದನ್‌ನ ಕಿವಿಯಲ್ಲಿ ಅದು ಭಾನುವಾರದ ನಗುವಾಯಿತು. ಕಾರಿನಲ್ಲಿ ಬರುವವರೆಲ್ಲ ಒಂದೇ ಮುಖದವರಾದರು. ಬೇಕಲ್ಲವಾ ನಿಮಗೆ ನಮ್ಮೂರಿನದು, ತಗೊಳ್ಳಿ ಹಾಗಾದರೆ, ನಮ್ಮ ಮೂವತ್ತು ಮನೆಯ ಕೆಮ್ಮು ಕಫವನ್ನೆಲ್ಲ ನಿಮ್ಮ ಶೋಕೇಸಿನಲ್ಲಿ ಇಟ್ಟುಕೊಳ್ಳಿ ಎಂದುಕೊಂಡ. ಒಳಗೇ ನಗು ಬಂತು. ಆ ನಗುವಿನಲ್ಲೇ ಹೇಳಿದ.

"ಮಕ್ಕಳನ್ನ ಕಾಯೋ ಬೊಂಬೆ ಮೇಡಂ. ಹುಷಾರಿಲ್ಲದ ಮಕ್ಕಳ ದಿಂಬಿನ ಹತ್ರ ಇಟ್ರೆ ಕಾಯಿಲೆನೆಲ್ಲ ಇದೇ ಎಳ್ಕಂಡು ಬುಡ್ತೈತೆ. ನಮ್ಮಕ್ಕನ ಕೂಸಿಗೂ ಹಂಗೇ ಮಾಡಿದ್ವಿ."

ಅವಳು ಬೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು. ಅವಳ ಅಕ್ಕನ ಮಗಳಿಗೆ ಏಳು ವರ್ಷ. ಎರಡು ತಿಂಗಳಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಳೆ, ತಲೆಗೂದಲೆಲ್ಲ ಹೋಗಿದೆ. ಎಲ್ಲಿಗೆ ಹೋದರೂ ಅಲ್ಲಿಂದ ಒಂದು ಬೊಂಬೆ ತರಬೇಕೆಂದು ಮಗುವಿನ ಆಜ್ಞೆ. ಹಾಸಿಗೆಯ ಪಕ್ಕ ಸಾಲಾಗಿ ಜೋಡಿಸಿಕೊಂಡಿದ್ದಾಳೆ.

"ಈ ನಂಬಿಕೆ ಅದೂ ಇದೂ ಏನಿಲ್ಲ ನಂಗೆ," ಎಂದಳು ಮೇಘಾ. "ಆದ್ರೂ ಇದನ್ನ ಅವಳ ದಿಂಬಿನ ಹತ್ರಾನೇ ಇಡ್ತೀನಿ."

ಚಂದನ್‌ನ ಕೈ ತಾನಾಗಿ ಹಳೆಯ ಪೇಪರು ಹುಡುಕಿತು. ಅವನ ಬೆರಳುಗಳೇ ಬೊಂಬೆಯನ್ನು ಸುತ್ತಿದವು, ದಾರ ಕಟ್ಟಿದವು. ಅವನು ಹೇಳಿದ ಬೆಲೆಯನ್ನು ಅವಳು ಕೊಟ್ಟು, ತಾವು ಹೆಗ್ಗದ್ದೆ ರಸ್ತೆಯ ಹೋಂಸ್ಟೇಯಲ್ಲಿ ಭಾನುವಾರ ಬೆಳಗಿನ ತನಕ ಇರುವುದಾಗಿಯೂ, ಗಿಡ್ಡಯ್ಯನವರು ಇನ್ನೊಂದು ಮಾಡಿದರೆ ತಿಳಿಸಬೇಕೆಂದೂ ಫೋನ್ ನಂಬರು ಬರೆದುಕೊಟ್ಟಳು. ಕಾರಿನ ಬಾಗಿಲು ಹಾಕುವ ಮುಂಚೆ ಥ್ಯಾಂಕ್ಸ್ ಎಂದಳು. ಅವನು ತಲೆ ಆಡಿಸಿದ. ಬೇಡ ಮೇಡಂ, ಕೊಡಿ ಇಲ್ಲಿ ಅನ್ನಲು ಅಷ್ಟು ಹೊತ್ತು ಸಾಕಿತ್ತು.

ಅವತ್ತು ಆಮೇಲೆ ಬಂದವರಿಗೆಲ್ಲ ಅವನು ತಪ್ಪು ತಪ್ಪು ಚಿಲ್ಲರೆ ಕೊಟ್ಟ. ಅದು ಮರ, ಮರದ ತುಂಡು, ಹಾಲವಾಣ, ಬೇಲಿಗೆ ನೆಡುವ ಮರ ಎಂದು ತನಗೆ ತಾನೇ ಹೇಳಿಕೊಂಡ. ಹಾಗಿದ್ದರೆ ಅದನ್ನು ಒಂದು ದಿನ ಅಕ್ಕನ ಕೂಸಿನ ತೊಟ್ಟಿಲಲ್ಲಿ ಇಟ್ಟಿರಲೇ ಎಂದು ಕೇಳಿಕೊಂಡ. ಸಂಜೆಯೊಳಗೆ ಮೂರು ಸಲ ಮೇಘಾಳ ನಂಬರು ಒತ್ತಿದ. ಮೂರು ಸಲವೂ ರಿಂಗಾಗುವ ಮುಂಚೆ ಕತ್ತರಿಸಿದ.

ಶನಿವಾರ ಬೆಳಿಗ್ಗೆ ಸಾಬರಿಗೆ ಫೋನು ಮಾಡಿ ಅಂಗಡಿ ತಡವಾಗಿ ತೆಗೆಯುತ್ತೇನೆಂದು ಹೇಳಿ, ಗಿಡ್ಡಯ್ಯನ ಮನೆಗೆ ಹೋದ. ಗಿಡ್ಡಯ್ಯ ಅಂಗಳದಲ್ಲಿ ಕೂತು ಕತ್ತಿಗೆ ಹೊಸ ಹಿಡಿ ಹಾಕುತ್ತಿದ್ದ. ಅರವತ್ತು ದಾಟಿದವನು, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಚಂದನ್ ಯೋಚನೆ ಮಾಡಿಕೊಂಡೇ ಬಂದಿದ್ದ. ಹೊಸದೊಂದು ಕೆತ್ತಿಸಿಕೊಂಡು, ಅದಕ್ಕೆ ಯಾರ ಮನೆಯದೂ ಏರದ ಹಾಗೆ ನೋಡಿಕೊಂಡು, ಅದನ್ನು ಕೊಟ್ಟು ಇದನ್ನು ವಾಪಸು ತರುವುದು. ಯಾರಿಗೂ ಏನೂ ಹೇಳುವ ಕೆಲಸವಿಲ್ಲ.

"ಮಾವ, ಒಂದು ಬೊಂಬೆ ಬೇಕಿತ್ತು."

"ಎಂಥ ಬೊಂಬೆ ಮಾರಾಯ? ನಮ್ದು ಸಾಗ್ಸಿ ಆಯ್ತಲ್ಲ."

ಚಂದನ್ ಹೊಸಿಲ ಮೇಲೆ ಕೂತ. ಏನೋ ಹೇಳಲು ಹೋಗಿ ಇನ್ನೇನೋ ಹೇಳಿದ. ಭಾನುವಾರದ ಹುಡುಗರಿಂದ ಸುರು ಮಾಡಿ, ಅವರ ಜೀಪಿನ ಬಣ್ಣವನ್ನೂ ಬಿಡದೆ ಹೇಳಿ, ಆಸ್ಪತ್ರೆಯ ಮಗುವಿನ ತನಕ ಬಂದು ನಿಂತ. ಗಿಡ್ಡಯ್ಯನ ಕೈ ಯಾವಾಗ ನಿಂತಿತೆಂದು ಅವನಿಗೆ ಗೊತ್ತಾಗಲಿಲ್ಲ.

"ಎತ್ತುವಾಗ ಯಾರಾದ್ರೂ ಇದ್ರಾ ಅಲ್ಲಿ?" ಗಿಡ್ಡಯ್ಯ ಕೇಳಿದ.

"ಇಲ್ಲ ಮಾವ. ಹಿಂದೆ ಮುಂದೆ ನೋಡ್ಕಂಡೇ ಎತ್ತಿದ್ದು."

"ಹಿಂದೆ ಮುಂದೆ ನೋಡ್ಬೇಕು ಅಂತ ಗೊತ್ತಿತ್ತು ಹಂಗಾರೆ."

ಅದು ಬರೀ ಮರ ತಾನೇ, ಆ ಮಗುವಿಗೆ ಅದರಿಂದ ಏನಾದೀತು ಎಂದು ಚಂದನ್ ಕೇಳಿದ. ಕೇಳುವಾಗ ಅವನ ದನಿ ಚಿಕ್ಕ ಮಗುವಿನದಾಗಿತ್ತು.

"ಮರಾನೇ ಕಣೋ. ಕೆತ್ತೋನು ನಾನು, ನಂಗೊತ್ತಿಲ್ವಾ? ಆ ಮಗೀಗೆ ಅದ್ರಿಂದ ಏನೂ ಆಗಕ್ಕಿಲ್ಲ. ಆದ್ರೆ ನೀನು ಮರ ಅಂತ ಕೊಟ್ಟಿಲ್ವಲ್ಲೋ. ನಮ್ಮೂರಿನ ರೋಗ ಅಂತ ತಿಳ್ಕಂಡೇ ಕೊಟ್ಟಿದೀಯ." ಗಿಡ್ಡಯ್ಯ ಕತ್ತಿಯನ್ನು ಪಕ್ಕಕ್ಕಿಟ್ಟ. "ನನ್ ಹೆಸ್ರೂ ಹೇಳಿದೀಯಾ ಆ ಯಮ್ಮಂಗೆ?"

ಚಂದನ್ ಹೌದೆಂದು ತಲೆಯಾಡಿಸಿದ.

ಗಿಡ್ಡಯ್ಯ ಎದ್ದು ಕೊಡದ ನೀರಿನಲ್ಲಿ ಕೈ ತೊಳೆದ. ಹೊಸದು ಕೆತ್ತುವುದಿಲ್ಲ ಎಂದ. ಆ ಬೊಂಬೆ ಮೊದಲು ಇದ್ದಲ್ಲಿಗೇ ಹೋಗಬೇಕು, ಎತ್ತಿದವನೇ ಕೈಯಲ್ಲಿ ಹಿಡಿದು ನಡೆದುಕೊಂಡು ಹೋಗಿ ಇಡಬೇಕು, ಗಾಡಿಯಲ್ಲಿ ತರುವಂತಿಲ್ಲ ಎಂದ. ಅಷ್ಟು ಹೇಳಿ ಒಳಗೆ ಹೋದ. ಆ ಮನೆಯಲ್ಲಿ ಕಾಫಿ ಕುಡಿಯದೆ ಚಂದನ್ ಹಿಂದಿರುಗಿದ್ದು ಅದೇ ಮೊದಲು.

ಹೋಂಸ್ಟೇಯ ಜಗಲಿಯಲ್ಲಿ ಮೇಘಾ ಮತ್ತು ಅವಳ ಗಂಡ ಅಕ್ಕಿರೊಟ್ಟಿ ತಿನ್ನುತ್ತಿದ್ದರು. ಚಂದನ್ ಅಷ್ಟರಲ್ಲಿ ಅಂಗಡಿಗೆ ಹೋಗಿ, ಇದ್ದುದರಲ್ಲಿ ದೊಡ್ಡ ಚನ್ನಪಟ್ಟಣದ ಗೊಂಬೆಯನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದ. ದಾರಿಯಲ್ಲಿ ಇನ್ನೊಂದು ಸುಳ್ಳು ಸಿದ್ಧವಾಗಿತ್ತು.

ಅವಳು ಅವನ ಗುರುತು ಹಿಡಿದು ನಕ್ಕಳು, ಕೂರಲು ಹೇಳಿದಳು. ಅವನು ಕೂರಲಿಲ್ಲ. ಆ ಬೊಂಬೆಗೆ ಹುಳ ಹಿಡಿದಿದೆ, ಆಸ್ಪತ್ರೆಗೆ ಒಯ್ಯುವುದು ಬೇಡ, ಅದರ ಬದಲು ಇದನ್ನು ತಗೊಳ್ಳಿ, ಇದು ಇನ್ನೂ ಬೆಲೆಯದು ಎಂದ. ಅವಳಿಗೆ ಅವನ ಕಾಳಜಿ ಕಂಡು ಸಂತೋಷವೇ ಆಯಿತು. ಹುಳ ಇದ್ದರೆ ಬಿಸಿಲಿಗಿಟ್ಟರಾಯಿತು ಎಂದಳು. ರಾತ್ರಿಯೇ ಮಗುವಿಗೆ ಫೋಟೊ ಕಳಿಸಿದ್ದಾಳೆ, ಮಗು ಅದಕ್ಕೆ ಪುಟ್ಟಕ್ಕ ಎಂದು ಹೆಸರಿಟ್ಟಾಗಿದೆ, ನರ್ಸುಗಳಿಗೆಲ್ಲ ಹೇಳಿಕೊಂಡು ಬಂದಿದೆ. ಫೋನು ಮುಂದೆ ಹಿಡಿದು ತೋರಿಸಿದಳು. ಬೋಳುತಲೆಯ ಒಂದು ಹುಡುಗಿ, ಮೂಗಿಗೆ ಸಣ್ಣ ನಳಿಕೆ. ಹಾಸಿಗೆಯ ಮೇಲೆ ಬೊಂಬೆಗಳ ಸಾಲಿನ ನಡುವೆ ಒಂದು ಗೇಣು ಜಾಗ ಖಾಲಿ ಮಾಡಿ, ಅದರತ್ತ ಬೆರಳು ತೋರಿಸಿ ನಗುತ್ತಿತ್ತು.

ಚಂದನ್‌ಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಓಡಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಹುಳ ಇಲ್ಲವೆಂದು ಹೇಳಿದ. ಆ ಬೊಂಬೆ ಯಾವುದು, ಅದು ಎಲ್ಲಿತ್ತು, ಯಾಕೆ ಅಲ್ಲಿತ್ತು, ತಾನು ಹೇಳಿದ್ದು ಯಾವ ಬಗೆಯ ಸುಳ್ಳು ಎಂಬುದನ್ನು ಹೇಳಿದ. ಗಿಡ್ಡಯ್ಯನಿಗೆ ಇದು ಗೊತ್ತಿರಲಿಲ್ಲ, ಸಾಬರಿಗೂ ಗೊತ್ತಿಲ್ಲ ಎಂದು ಎರಡೆರಡು ಸಲ ಹೇಳಿದ.

ಗಂಡ ಮೊದಲು ನಕ್ಕ. ಆಮೇಲೆ ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ. ಅಂದರೆ ಊರಿನ ಕಸವನ್ನೆಲ್ಲ ಕಟ್ಟಿ ನಮ್ಮ ಮಗುವಿಗೆ ಕೊಟ್ಟೆ ಎಂದು ಏಕವಚನಕ್ಕೆ ಇಳಿದ. ಅಂಗಡಿಯವನ ನಂಬರು ಕೊಡು ಎಂದ. ಚಂದನ್ ಕೊಟ್ಟ. ಎರಡೇಟು ಹಾಕಿದ್ದರೆ ಹಗುರವಾಗುತ್ತಿತ್ತು. ಆ ಮನುಷ್ಯ ಕೈ ಎತ್ತಲಿಲ್ಲ, ನಂಬರು ಬರೆದುಕೊಂಡ ಅಷ್ಟೆ.

ಮೇಘಾ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಮಗು ವಿಷಯ ಹೇಳಿದಾಗ ನೀವು ನನ್ನೆದುರಿಗೇ ನಿಂತಿದ್ರಿ," ಎಂದಳು. "ಪೇಪರ್ ಸುತ್ತುತಾ ಇದ್ರಿ. ಆಗ ಯಾಕೆ ಹೇಳ್ಲಿಲ್ಲ?"

"ನಾಚ್ಕೆ ಆಯ್ತು ಮೇಡಂ."

"ನಿಮ್ಮ ನಾಚಿಕೆ ತಪ್ಪಿಸ್ಕೊಳ್ಳೋಕೆ ಅದನ್ನ ಅವಳ ದಿಂಬಿನ ಹತ್ರ ಇಡೋಕೆ ಬಿಟ್ರಿ."

ಅವಳು ಈಗಲೂ ನೀವು ಅಂತಲೇ ಅನ್ನುತ್ತಿದ್ದಳು. ಗಂಡ, ಇದೆಲ್ಲ ಮೂಢನಂಬಿಕೆ, ಮಗು ಆಸೆಪಟ್ಟಿದೆ, ಒಯ್ದರೆ ಏನೂ ಆಗುವುದಿಲ್ಲ ಎಂದ. ತನಗೂ ಹಾಗೆಯೇ ಗೊತ್ತೆಂದು ಅವಳು ಹೇಳಿದಳು. ಆದರೂ ಎದ್ದು ಒಳಗೆ ಹೋದಳು. ಪೇಪರಿನ ಗಂಟು ತಂದು, ಅವನು ಕೈ ಚಾಚಿದ್ದರೂ ಕೈಗೆ ಕೊಡದೆ, ಮೆಟ್ಟಿಲ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಯಾರೂ ಅವಳಿಗೆ ಹಾಗೆ ಇಡಬೇಕೆಂದು ಕಲಿಸಿರಲಿಲ್ಲ. ಚನ್ನಪಟ್ಟಣದ ಗೊಂಬೆಯನ್ನು ಚೀಲದಲ್ಲೇ ಇಟ್ಟುಕೊಳ್ಳಲು ಹೇಳಿದಳು. ನಿಮ್ಮ ಅಂಗಡಿಯದು ಏನೂ ಬೇಡ, ಪುಟ್ಟಕ್ಕ ಎಲ್ಲಿ ಅಂತ ಅವಳು ಕೇಳಿದರೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ ಎಂದಳು. ಅವಳು ಕೊಟ್ಟಿದ್ದ ದುಡ್ಡನ್ನು ಅದೇ ಮೆಟ್ಟಿಲ ಮೇಲಿಟ್ಟು, ಅವನು ಬಗ್ಗಿ ಗಂಟನ್ನು ಎತ್ತಿಕೊಂಡ.

ಬೈಕನ್ನು ಹೋಂಸ್ಟೇಯ ಗೇಟಿನ ಹೊರಗೇ ಬಿಟ್ಟು ನಡೆದ. ಪೇಪರು ಬಿಚ್ಚಿ ಜೇಬಿಗೆ ತುರುಕಿದ. ಬೊಂಬೆ ಎಲ್ಲರಿಗೂ ಕಾಣುವ ಹಾಗೆ ಬಲಗೈಯಲ್ಲಿತ್ತು. ನಾಲ್ಕು ಕಿಲೋಮೀಟರು. ಹನ್ನೊಂದರ ಬಿಸಿಲು, ಎರಡೂ ಕಡೆ ತೋಟ. ಮಳೆಗೆ ಮುಂಚಿನ ಮರಗಸಿ ನಡೆದಿತ್ತು. ನೆರಳಿನ ಮರಗಳ ಮೇಲೆ ಆಳುಗಳು ಕೂತು ಕೊಂಬೆ ಕಡಿಯುತ್ತಿದ್ದರು. ಅವರಲ್ಲಿ ಅವನ ಊರಿನವರೇ ಹೆಚ್ಚು. ಅವನು ಕೆಳಗೆ ಬರುತ್ತಿದ್ದ ಹಾಗೆ ಕತ್ತಿಯ ಸದ್ದು ಒಂದೊಂದೇ ಮರದಲ್ಲಿ ನಿಂತಿತು.

"ಚಂದನಾ, ಅದೇನೋ ಕೈಯಾಗೆ?" ಮೇಲಿಂದ ದ್ಯಾವಯ್ಯ ಕೇಳಿದ. ಅವನ ಮಗಳ ಜ್ವರಕ್ಕೂ ಈ ವರ್ಷ ಇಳಿ ತೆಗೆದಿತ್ತು.

"ಬೊಂಬೆ ಕಣಣ್ಣ."

"ಯಾವ ಬೊಂಬೆ?"

"ನಮ್ದೇ. ನಾನು ಎತ್ಕಂಡೋಗಿದ್ದೆ."

ಚಂದನ್ ದಾಟಿ ದೂರ ಹೋಗುವ ತನಕ ತೋಟದಲ್ಲಿ ಒಂದು ಕೊಂಬೆಯೂ ಬೀಳಲಿಲ್ಲ. ಸಂಜೆಯೊಳಗೆ ಮೂವತ್ತು ಮನೆಗೂ ಗೊತ್ತಾಗುತ್ತದೆ, ಅವ್ವನಿಗೂ ಅಕ್ಕನಿಗೂ ಗೊತ್ತಾಗುತ್ತದೆ ಎಂದು ಅವನು ಲೆಕ್ಕ ಹಾಕಿದ. ಕೈಯಲ್ಲಿದ್ದುದನ್ನು ಅಂಗಿಯೊಳಗೆ ಮುಚ್ಚಿಕೊಳ್ಳಬೇಕೆನಿಸಿದರೂ ಮುಚ್ಚಲಿಲ್ಲ.

ನಂದಿ ಮರದ ಬುಡದಲ್ಲಿ ಬೊಂಬೆಯನ್ನು ಇಟ್ಟ. ಒಂದು ಕಲ್ಲು ಆನಿಸಿ ನೆಟ್ಟಗೆ ನಿಲ್ಲಿಸಿದ. ಕೈ ಮುಗಿಯಬೇಕೋ ಬೇಡವೋ ಗೊತ್ತಾಗದೆ ಹಾಗೇ ನಿಂತು, ಆಮೇಲೆ ಬೈಕು ತರಲು ಬಂದ ದಾರಿಯಲ್ಲೇ ಹೊರಟ. ತಿರುವಿನ ತನಕ ಹೋಗಿದ್ದನೋ ಇಲ್ಲವೋ, ಒಂದು ಬಿಳಿ ಕಾರು ಅವನನ್ನು ದಾಟಿ ಹೋಗಿ ಮರದ ಹತ್ತಿರ ನಿಂತಿತು. ಬಾಗಿಲು ತೆಗೆದ ಸದ್ದು. ಎಷ್ಟು ಚೆನ್ನಾಗಿದೆ ನೋಡು ಎಂದು ಒಬ್ಬ ಗಂಡಸು ಯಾರಿಗೋ ಹೇಳುವುದು ಕೇಳಿಸಿತು.

ಚಂದನ್ ತನ್ನ ಪಾಡಿಗೆ ತಾನು ಹೋಗಬಹುದಿತ್ತು. ಇಡಬೇಕಾದಲ್ಲಿ ಇಟ್ಟಾಗಿತ್ತು, ಇನ್ನು ಎತ್ತಿದವರ ಪಾಪ ಎತ್ತಿದವರಿಗೆ. ಅವನು ವಾಪಸು ಓಡಿದ. ಟೋಪಿ ಹಾಕಿದ ಒಬ್ಬ ಮನುಷ್ಯ ಬಗ್ಗಿ ಕೈ ಚಾಚಿದ್ದ. ಹೆಂಡತಿ ಫೋನು ಹಿಡಿದು ಫೋಟೊ ತೆಗೆಯುತ್ತಿದ್ದಳು.

"ಮುಟ್ಬೇಡಿ ಸಾರ್."

"ಯಾಕೆ? ಯಾರೋ ಬಿಸಾಕಿ ಹೋಗಿದಾರಲ್ಲ."

ಅಲ್ಲಿ ಹಾವಿದೆ ಅನ್ನಬಹುದಿತ್ತು. ಫಾರೆಸ್ಟಿನವರು ದಂಡ ಹಾಕುತ್ತಾರೆ ಅಂದರೂ ನಂಬುತ್ತಿದ್ದರು. ಎರಡೂ ನಾಲಿಗೆಯ ತುದಿಯಲ್ಲೇ ಇದ್ದವು. ಅವನು ಬೊಂಬೆಗೂ ಆ ಮನುಷ್ಯನಿಗೂ ನಡುವೆ ಹೋಗಿ ನಿಂತು ಉಸಿರು ತಗೊಂಡ.

"ಒಸಿ ನಿಂತ್ಕಳಿ ಸಾರ್, ಹೇಳ್ತೀನಿ," ಎಂದ.

ಹೆಂಡತಿ ಫೋನು ಕೆಳಗಿಳಿಸಿದಳು. ಇದೇ ವಾರ ತಾನು ಇದನ್ನು ಇಲ್ಲಿಂದ ಕದ್ದು ಮಾರಿದೆನೆಂದು ಚಂದನ್ ಮೊದಲು ಹೇಳಿದ. ಬೊಂಬೆ ಯಾವುದು, ಯಾಕೆ ಇಲ್ಲಿದೆ ಎಂಬುದು ಅದಾದ ಮೇಲೆ ಬಂತು.